ಒಂದೇ ಗಂಟಲು, ನೂರಾರು ಧ್ವನಿ

ಸಾಂಬಾರು ಸೊಗಸಾಗಿದೆಯೆಂದು ಗಿರಾಕಿಯು ಗಲ್ಲೆಯ ಬಳಿ ಹೇಳಿಹೋಗುವನು. ಒಳಗಣ ಅಡಿಗೆಯವನ ಹೆಸರನ್ನು ಕೇಳುವುದಿಲ್ಲ. ನಾವೂ ಬಹುಕಾಲ ಗಲ್ಲೆಯಲ್ಲಿ ಕುಳಿತು ಆ ಹೊಗಳಿಕೆಯನ್ನು ಸಂಕೋಚವಿಲ್ಲದೆ ಸ್ವೀಕರಿಸಿದವರೇ. ಆದಕಾರಣ ಅಮೆರಿಕದ ಮೆಲ್ ಬ್ಲ್ಯಾಂಕರ ವೃತ್ತಾಂತವನ್ನು ಓದುವಾಗ ನಮ್ಮ ಮನಸ್ಸು ಅಡಿಗೆಮನೆಯ ಕಡೆಗೇ ಹರಿಯಿತು.

1908ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನಿಸಿದ ಇವರು ರೇಡಿಯೋದಲ್ಲಿ ಪಳಗಿ, 1930ರ ದಶಕದ ಕೊನೆಯಿಂದ ವಾರ್ನರ್ ಸಂಸ್ಥೆಯ ಕಾರ್ಟೂನ್ ಚಿತ್ರಗಳಿಗೆ ಕಂಠದಾನ ಮಾಡಿದರು. ತೊದಲುವ ಹಂದಿ ಪೋರ್ಕಿ, ಸಿಡುಕಿನ ಬಾತುಕೋಳಿ ಡ್ಯಾಫಿ, ಹಕ್ಕಿಮರಿ ಟ್ವೀಟಿ, ಅದರ ಮೇಲೆ ಕಣ್ಣಿಟ್ಟ ಬೆಕ್ಕು ಸಿಲ್ವೆಸ್ಟರ್, ಮೊಲರಾಯ ಬಗ್ಸ್ ಬನ್ನಿ ಎಲ್ಲರೂ ಮಾತಾಡಿದ್ದು ಈ ಒಂದೇ ಗಂಟಲಿನಿಂದ. ಮೊಲಕ್ಕಾಗಿ ನಿಜವಾದ ಗಜ್ಜರಿಯನ್ನೇ ಕಡಿಯಬೇಕಾಗಿತ್ತು. ಬೇರೆ ತರಕಾರಿಗಳಿಂದ ಆ ಸದ್ದು ಬಾರದು. ನುಂಗುತ್ತ ಕುಳಿತರೆ ಮಾತು ಹೊರಡದು. ಕಡಿದು, ಉಗುಳಿ, ಸಂಭಾಷಣೆಯನ್ನು ಮುಂದುವರಿಸುವರು!

ಸಂಬಳ ಹೆಚ್ಚಿಸಿರೆಂದು ಒಮ್ಮೆ ನಿರ್ಮಾಪಕ ಲಿಯೋನ್ ಶ್ಲೆಸಿಂಗರರನ್ನು ಕೇಳಿದರು. ಅದು ಸಿಕ್ಕಲಿಲ್ಲ. ಹಾಗಾದರೆ ತೆರೆಯ ಮೇಲೆ ಹೆಸರನ್ನಾದರೂ ಹಾಕಿರೆಂದರು. ಕಾಸು ಖರ್ಚಿಲ್ಲದ ಬೇಡಿಕೆ, ಯಜಮಾನರು ಒಪ್ಪಿದರು. ಕಾರ್ಟೂನುಗಳಲ್ಲಿ ಕಂಠದಾನಿಯ ಹೆಸರು ಕಾಣುವುದೇ ಅಪರೂಪವಾಗಿದ್ದ ಕಾಲವದು. ಹೆಸರು ಕಂಡಮೇಲೆ ರೇಡಿಯೋದವರ ಕರೆಗಳೂ ಹೆಚ್ಚಿದವು.

1961ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಸನ್‌ಸೆಟ್ ಬುಲೆವಾರ್ಡಿನ ತಿರುವಿನಲ್ಲಿ ಕಾರುಗಳು ಮುಖಾಮುಖಿ ಡಿಕ್ಕಿಹೊಡೆದವು. ಸುಮಾರು ಎರಡು ವಾರ ಪ್ರಜ್ಞೆಯಿಲ್ಲ. ಮನೆಯವರು ಕರೆದರೂ ಉತ್ತರವಿಲ್ಲ. ಕಡೆಗೆ ವೈದ್ಯರೊಬ್ಬರು, ಬಗ್ಸ್ ಬನ್ನಿ, ಹೇಗಿದ್ದೀಯೆ ಎಂದು ವಿಚಾರಿಸಿದರಂತೆ. ಮೊಲದ ಧ್ವನಿಯಲ್ಲಿ ಉತ್ತರ ಬಂತು! ಮೈಯೆಲ್ಲ ಪ್ಲಾಸ್ಟರಿನಲ್ಲಿರುವಾಗಲೇ ಹಾಸಿಗೆಯ ಬಳಿಗೆ ಮೈಕು ತರಿಸಿ, ‘ಫ್ಲಿಂಟ್‌ಸ್ಟೋನ್ಸ್’ ಧಾರಾವಾಹಿಯ ಬಾರ್ನಿಗೆ ಮಾತು ಕೊಟ್ಟರು. ರಜೆಯ ಚೀಟಿ ಬರೆಯಲು ಹಿಂಜರಿಯುವ ನಮ್ಮ ಗುಮಾಸ್ತ ಮಿತ್ರರು ಇದನ್ನು ಮಾದರಿಯಾಗಿ ಹಿಡಿಯಬೇಕೆಂದು ನಾವು ಹೇಳಲಾರೆವು.

1989ರ ಜುಲೈ 10ರಂದು ಬ್ಲ್ಯಾಂಕರು ತೀರಿಕೊಂಡರು. ಚಿತ್ರದ ಕೊನೆಯಲ್ಲಿ ಪೋರ್ಕಿ ಹೇಳುತ್ತಿದ್ದ ವಿದಾಯದ ನುಡಿಯನ್ನೇ ಸಮಾಧಿಕಲ್ಲಿನ ಮೇಲೆ ಕೆತ್ತಿದ್ದಾರೆ.

ಅವರಿಗೆ ಬೇಕಾಗಿದ್ದುದು ಹೆಸರು. ಇಂದಿನ ಕಂಠದಾನಿಗಳಿಗೆ ಕಂಠವನ್ನೇ ಉಳಿಸಿಕೊಳ್ಳುವ ಚಿಂತೆ, ಏಕೆಂದರೆ ಯಂತ್ರಗಳು ಅದನ್ನು ನಕಲುಮಾಡಬಲ್ಲವು. ಇದೇ ಕಾರಣಕ್ಕೆ ವಿಡಿಯೋ ಗೇಮುಗಳಿಗೆ ದನಿಕೊಡುವ ಅಮೆರಿಕದ ಕಲಾವಿದರು 2024ರ ಜುಲೈಯಲ್ಲಿ ಮುಷ್ಕರ ಹೂಡಿದರು. ಸುಮಾರು ಒಂದು ವರ್ಷದ ಬಳಿಕ, ನಕಲಿಗೆ ಕಲಾವಿದರ ಸಮ್ಮತಿ ಬೇಕೆಂಬ ಕರಾರು 2025ರಲ್ಲಿ ಆಯಿತು.