ದೊರೆಯ ಆತ್ಮಕ್ಕೆ ಹೆಣ್ಣಿನ ಒಡಲು

ಮಂಡಿಯೂರಿ ಕೂತ ಹೆಣ್ಣು. ಮಡಿಲ ಮುಂದೆ ಸೋರೆಬುರುಡೆಯಂತೆ ದುಂಡಗಿನ ಬಟ್ಟಲು, ಅದನ್ನು ಎರಡೂ ಕೈಗಳಿಂದ ಹಿಡಿದಿದ್ದಾಳೆ. ರೆಪ್ಪೆಗಳು ಅರ್ಧ ಇಳಿದಿವೆ, ಹಣೆ ನುಣುಪಾಗಿ ಹಿಂದಕ್ಕೆ ಸರಿದಿದೆ. ಹೊಕ್ಕುಳ ಸುತ್ತ ಉಬ್ಬುಗೀರುಗಳ ಚಿತ್ತಾರ. ತಲೆಯ ಹಿಂದೆ ಎಳೆ ಎಳೆಯಾಗಿ ಹೆಣೆದು ಕಟ್ಟಿದ ಮುಡಿ. ಹೆಣ್ಣು, ಬಟ್ಟಲು, ಮುಡಿ ಎಲ್ಲವೂ ಒಂದೇ ಮರದ ತುಂಡಿನಲ್ಲಿ ಮೂಡಿದವು. ಯುರೋಪಿನ ಸಂಗ್ರಹಕಾರರು ಇಂಥ ಪ್ರತಿಮೆಗಳನ್ನು ಕಂಡು ಭಿಕ್ಷುಕಿ ಎಂದುಕೊಂಡರು. ಬ್ರಸೆಲ್ಸ್ ಪಕ್ಕದ ಟೆರ್ವುರೆನ್ ವಸ್ತುಸಂಗ್ರಹಾಲಯದಲ್ಲಿರುವ ಒಂದಕ್ಕಂತೂ ‘ಬುಲಿಯ ಭಿಕ್ಷುಕಿ’ ಎಂಬ ಹೆಸರೇ ಅಂಟಿಕೊಂಡಿತು. ಆದರೆ ಇವಳು ಯಾರ ಮುಂದೆಯೂ ಬೇಡಲು ಕೂತವಳಲ್ಲ.

ಆ ಬಟ್ಟಲಲ್ಲಿ ಇರುತ್ತಿದ್ದುದು ಪೆಂಬಾ, ಅಂದರೆ ಬಿಳಿ ಜೇಡಿ. ಪ್ರತಿಮೆಯನ್ನು ಮುಖಂಡನ ಮನೆಬಾಗಿಲಲ್ಲಿ ಇಡುತ್ತಿದ್ದರು. ಬಂದವರು ಚಿಟಿಕೆ ಜೇಡಿ ತೆಗೆದು ತೋಳಿಗೂ ಎದೆಗೂ ಬಳಿದುಕೊಂಡೇ ಒಡೆಯನ ಮುಂದೆ ಹೋಗಬೇಕು. ಕಣಿ ಹೇಳುವವರ ಹತ್ತಿರವೂ ಇಂಥದೊಂದು ‘ಎಂಬೊಕೊ’ ಇರುತ್ತಿತ್ತು. ಕಣಿಯವನ ಮೈಮೇಲೆ ಬರುವ ಆತ್ಮಕ್ಕೆ ಈ ಮರದ ಹೆಣ್ಣೇ ಹೆಂಡತಿ ಎಂಬುದು ನಂಬಿಕೆ. ಬಿಳಿ ಬಣ್ಣ ಚಂದ್ರನದು, ಶುದ್ಧಿಯದು, ಆತ್ಮಗಳ ಲೋಕದ್ದು.

ಇದು ಲೂಬಾ ಜನರ ಕಲೆ. ಅವರ ಸೀಮೆ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಆಗ್ನೇಯಕ್ಕೆ, ಲುವಾಲಾಬಾ ನದಿಯ ಆಸುಪಾಸಿನ ಹುಲ್ಲುಗಾವಲು ಮತ್ತು ಕೆರೆಗಳ ನಾಡು. ಹಳೆಯ ಹೆಸರು ಹೇಳಿದರೆ ನಮ್ಮ ಹಿರಿಯರಿಗೆ ಗುರುತು ಸಿಕ್ಕೀತು: ಕಟಾಂಗ. 1961ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಹೋದ ಭಾರತೀಯ ಸೈನಿಕರು ಕಾದಾಡಿದ್ದು, ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದದ್ದು ಅದೇ ಕಟಾಂಗದಲ್ಲಿ. ಅದರ ಉತ್ತರ ಭಾಗದಲ್ಲಿ ಲೂಬಾ ಅರಸರು ಶತಮಾನಗಳ ಕಾಲ ಆಳಿದರು. ಅಲ್ಲಿನ ಉಪೆಂಬಾ ತಗ್ಗಿನಲ್ಲಿ, ಸಾಂಗಾ ಎಂಬ ಊರಿನ ಬಳಿ, ಸಾವಿರ ವರ್ಷಕ್ಕೂ ಹಳೆಯ ಸಮಾಧಿಗಳಲ್ಲಿ ತಾಮ್ರದ ಒಡವೆಗಳೂ ಸೊಗಸಾದ ಮಡಕೆಗಳೂ ಸಿಕ್ಕಿವೆ.

ಲೂಬಾ ರಾಜವಂಶದ ಹುಟ್ಟಿನ ಕಥೆ ಕೇಳುವಂಥದ್ದು. ನ್ಕೊಂಗೊಲೊ ಎಂಬ ಕ್ರೂರ ದೊರೆ. ಪೂರ್ವದಿಂದ ಬಂದ ಬೇಟೆಗಾರ ರಾಜಕುಮಾರ ಎಂಬಿಡಿ ಕಿಲುವೆ ಅವನ ತಂಗಿಯರನ್ನು ಮದುವೆಯಾಗುತ್ತಾನೆ. ಹುಟ್ಟಿದ ಮಗ ಕಲಾಲ ಇಲುಂಗಾ. ಅಳಿಯ ಬಲಿಷ್ಠನಾಗಿ ಬೆಳೆದಂತೆ ಸೋದರಮಾವನಿಗೆ ಹೊಟ್ಟೆಯುರಿ. ಗುಂಡಿ ತೋಡಿಸಿ, ಒಳಗೆ ಈಟಿ ನೆಡಿಸಿ, ಮೇಲೆ ಚಾಪೆ ಹಾಸಿ ‘ಬಾ, ಕುಣಿ’ ಎಂದು ಕರೆಯುತ್ತಾನೆ. ಡೋಲು ಬಾರಿಸುವವನು ಬಡಿತದಲ್ಲೇ ಎಚ್ಚರಿಸುತ್ತಾನೆ. ಹುಡುಗ ತನ್ನ ಈಟಿಯನ್ನು ಚಾಪೆಗೆ ಚುಚ್ಚಿ ನೋಡಿ ತಪ್ಪಿಸಿಕೊಳ್ಳುತ್ತಾನೆ. ಕೊನೆಗೆ ಗೆದ್ದು ರಾಜನಾಗುವುದು ಅವನೇ. ಈ ಕಥೆಯಲ್ಲಿ ಅವನ ಬೆನ್ನಿಗೆ ನಿಂತವನು ಮಿಜಿಬು ಎಂಬ ಕಣಿಗಾರ. ಹಾಗಾಗಿ ಲೂಬಾ ನಾಡಿನಲ್ಲಿ ಸಿಂಹಾಸನವೂ ಕಣಿಯೂ ಮೊದಲಿಂದ ಜೊತೆಗೂಡಿಯೇ ಬಂದವು.

ರಾಜ ಗಂಡಸಾದರೂ ಪ್ರತಿಮೆಗಳಲ್ಲಿ ಬಹುಪಾಲು ಹೆಣ್ಣೇ ಏಕೆ? ಈ ಕಲೆಯ ಒಳಗುಟ್ಟು ಇರುವುದು ಇಲ್ಲೇ. ದೊರೆಯ ಆತ್ಮದಂಥ ಪ್ರಬಲ ಶಕ್ತಿಯನ್ನು ತಾಳಿಕೊಳ್ಳುವ ಗಟ್ಟಿತನ ಹೆಣ್ಣಿನ ಒಡಲಿಗೆ ಮಾತ್ರ ಇದೆ ಎಂಬುದು ಲೂಬಾ ತಿಳಿವಳಿಕೆ. ಅದನ್ನು ಅವರು ನಡೆಸಿಯೂ ತೋರಿಸಿದರು. ರಾಜ ಸತ್ತ ಮೇಲೆ ಅವನ ಆತ್ಮ ಒಬ್ಬ ಹೆಂಗಸಿನ ಮೈಮೇಲೆ ಬರುತ್ತಿತ್ತು. ಅಂಥವಳಿಗೆ ‘ಎಂವಾಡಿ’ ಎಂದು ಹೆಸರು. ಸತ್ತವನ ರಾಜಲಾಂಛನಗಳು ಅವಳ ವಶಕ್ಕೆ. ಅವನಿದ್ದ ಊರು ಅವಳ ಊರು. ಅವಳು ತೀರಿಕೊಂಡರೆ ಅವಳದೇ ವಂಶದ ಇನ್ನೊಬ್ಬಳು ಆ ಸ್ಥಾನಕ್ಕೆ ಬರುತ್ತಿದ್ದಳು. ಹೊಸ ರಾಜ ಬೇರೆಡೆ ಅರಮನೆ ಕಟ್ಟಿಕೊಂಡರೂ ಹಳೆಯವನು ಹೀಗೆ ಹೆಣ್ಣಿನಲ್ಲಿ ಉಳಿದುಕೊಳ್ಳುತ್ತಿದ್ದ. ಪ್ರತಿಮೆಗಳಲ್ಲಿ ಹೆಣ್ಣು ಎರಡೂ ಕೈಗಳನ್ನು ಎದೆಯ ಮೇಲೆ ಇಟ್ಟುಕೊಂಡಿರುತ್ತಾಳಲ್ಲ, ಅದರ ಅರ್ಥ ರಾಜತ್ವದ ಗುಟ್ಟುಗಳು ಅಲ್ಲಿ ಭದ್ರವಾಗಿವೆ ಎಂದು. ಇವುಗಳನ್ನು ಸಂತಾನದ ಬೊಂಬೆಗಳೆಂದು ಒಂದೇ ಮಾತಲ್ಲಿ ಮುಗಿಸುವುದು ದೊಡ್ಡ ಅನ್ಯಾಯ.

ಕೆತ್ತುವವನ ಮುಖ್ಯ ಹತಾರ ಬಾಚಿ. ಮೊದಲು ಒರಟು ಆಕಾರ ತೆಗೆದು, ಆಮೇಲೆ ಚಾಕುವಿನಿಂದ ಮುಖ, ಮುಡಿ, ಗೀರುಗಳನ್ನು ಬಿಡಿಸುವುದು. ಬರಬರುತ್ತಾ ಎಣ್ಣೆ ಮತ್ತು ಕೈಗಳ ಸ್ಪರ್ಶದಿಂದ ಮರ ಕಪ್ಪಾಗಿ ಹೊಳೆಯುತ್ತದೆ. ಮೈಮೇಲಿನ ಗೀರುಗಳು ಬರಿಯ ಅಲಂಕಾರವಲ್ಲ. ಲೂಬಾ ಹೆಂಗಸರು ಚರ್ಮ ಗೀರಿಸಿಕೊಂಡು, ಕೂದಲು ಕಟ್ಟಿಸಿಕೊಂಡು ತಮ್ಮ ಚೆಲುವನ್ನು ಕೈಯಾರೆ ರೂಪಿಸಿಕೊಳ್ಳುತ್ತಿದ್ದರು. ಹಾಗೆ ತಿದ್ದಿದ ಮೈಗೆ ಮಾತ್ರ ಆತ್ಮ ಒಲಿದು ಬರುತ್ತದೆ. ಹಾಗಾಗಿ ಮರದ ಹೆಣ್ಣಿಗೂ ಅದೇ ಗೀರು, ಅದೇ ಮುಡಿ.

ಕಣಿಯ ಇನ್ನೊಂದು ಸಾಧನ ಕಟಟೊರಾ. ಅಂಗೈಯಷ್ಟು ಮರದ ಚೌಕಟ್ಟು, ನಡುವೆ ಟೊಳ್ಳು, ತುದಿಯಲ್ಲಿ ಪುಟ್ಟ ತಲೆ. ಕಣಿ ಹೇಳುವವರೂ ಕೇಳಲು ಬಂದವರೂ ಎದುರುಬದುರು ಕೂತು ಅದನ್ನು ಒಟ್ಟಿಗೆ ಹಿಡಿಯುತ್ತಾರೆ. ಪ್ರಶ್ನೆ ಹಾಕಿದಂತೆ ಅದು ಅತ್ತಿಂದಿತ್ತ ಸರಿಯುತ್ತದೆ, ಸರಿಯುವ ಬಗೆಯಲ್ಲೇ ಉತ್ತರ. ಹೀಗೆ ಹೇಳುವವರಲ್ಲಿ ಹೆಂಗಸರೇ ಹೆಚ್ಚು. ಚರಿತ್ರೆಯನ್ನು ಕಾಪಿಡಲು ಬೇರೆಯದೇ ವಸ್ತು ಇತ್ತು, ಲುಕಾಸಾ ಎಂಬ ಮಣಿ ಕೂರಿಸಿದ ಹಲಗೆ. ಎಂಬುಡ್ಯೆ ಎಂಬ ಕೂಟದ ಬಲ್ಲವರು ಅದನ್ನು ಎಡಗೈಲಿ ಹಿಡಿದು, ಬಲಗೈ ಬೆರಳನ್ನು ಮಣಿಯಿಂದ ಮಣಿಗೆ ಓಡಿಸುತ್ತ ರಾಜರ ಕಥೆ ಹಾಡುತ್ತಿದ್ದರು.

ರಾಜಪೀಠದ ಮಾತು ಬಿಟ್ಟರೆ ಈ ಪರಿಚಯ ಅರೆಬರೆ. ಪೀಠವನ್ನು ಹೆಣ್ಣೊಬ್ಬಳು ಹೊತ್ತಿರುತ್ತಾಳೆ. ದಿನಬಳಕೆಗೆ ಅದು ಅಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ, ಬೇರೊಂದು ಊರಲ್ಲಿ ಕಾವಲಿಟ್ಟು ಜೋಪಾನ ಮಾಡುತ್ತಿದ್ದರು. ಇಂಥ ಪೀಠಗಳಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಾದದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಎತ್ತರ ಸುಮಾರು ಎರಡು ಅಡಿ. ಉಳಿದ ಲೂಬಾ ಪ್ರತಿಮೆಗಳ ಹೆಣ್ಣು ತುಂಬು ಪ್ರಾಯದವಳು. ಇವಳದು ಉದ್ದ ಮುಖ, ಬತ್ತಿದ ಕೆನ್ನೆ, ಎದ್ದ ಮೂಳೆ. ಮೈಗೆ ಮೀರಿದ ದೊಡ್ಡ ಕೈಗಳ ಬೆರಳುಗಳ ಮೇಲೆ ಇಡೀ ಪೀಠ ನಿಂತಿದೆ. ಇದೇ ಕೈಚಳಕದ ಸುಮಾರು 20 ಕೃತಿಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಬೆಲ್ಜಿಯಂನ ಫ್ರಾನ್ಸ್ ಓಲ್‌ಬ್ರೆಕ್ಟ್ಸ್ 1930ರ ದಶಕದಲ್ಲೇ ಇವುಗಳನ್ನು ಒಟ್ಟುಗೂಡಿಸಿ ನೋಡಿದರು. ಇವುಗಳನ್ನು ಕೆತ್ತಿದವನಿಗೆ ‘ಬುಲಿಯ ಗುರು’ ಎಂಬ ಹೆಸರು ಬಂದದ್ದು ಕೆಲವು ಕೃತಿಗಳು ಸಿಕ್ಕ ಬುಲಿ ಎಂಬ ಊರಿನಿಂದ. ಅವನು ಒಬ್ಬನೋ, ಒಂದು ಕಾರ್ಯಾಗಾರವೋ ಎಂಬ ಚರ್ಚೆ ಇನ್ನೂ ಇದೆ. ಆಫ್ರಿಕಾದ ಶಿಲ್ಪವೆಂದರೆ ಹೆಸರಿಲ್ಲದ ಬುಡಕಟ್ಟಿನ ಕೆಲಸ ಎಂದು ತಿಳಿದಿದ್ದ ಜಗತ್ತಿಗೆ ಅಲ್ಲೊಬ್ಬ ಕಲಾವಿದನ ಕೈ ಕಂಡದ್ದು ಸಣ್ಣ ಸಂಗತಿಯಲ್ಲ.

ಇವು ಯುರೋಪ್, ಅಮೆರಿಕ ಸೇರಿದ ದಾರಿ ನೋವಿನದು. 19ನೇ ಶತಮಾನದ ಕೊನೆಗೆ ಗುಲಾಮರ, ದಂತದ ವ್ಯಾಪಾರಿಗಳ ದಾಳಿಗೆ ಲೂಬಾ ರಾಜ್ಯ ಕುಸಿಯಿತು, ಬೆನ್ನಿಗೇ ಬೆಲ್ಜಿಯನ್ನರ ಆಡಳಿತ ಬಂತು. ಕೆಲವು ವಸ್ತುಗಳನ್ನು ಕೊಂಡರು, ಕೆಲವನ್ನು ಕಸಿದರು. 2022ರಲ್ಲಿ ಬೆಲ್ಜಿಯಂ, ವಸಾಹತು ಕಾಲದ ವಸ್ತುಗಳನ್ನು ಮರಳಿಸಲು ಅವಕಾಶ ಕೊಡುವ ಕಾನೂನು ಮಾಡಿದೆ. ಬಲವಂತದಿಂದ ಒಯ್ದದ್ದೆಂದು ತಿಳಿದವನ್ನಾದರೂ ಇನ್ನು ತಡಮಾಡದೆ ಹಿಂದಿರುಗಿಸಬೇಕು.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಹಿರಿಯರು ನಮ್ಮಲ್ಲಿ ಬಹಳ. ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಆಫ್ರಿಕಾ ವಿಭಾಗ ನವೀಕರಣ ಮುಗಿಸಿ 2025ರ ಮೇ ಕೊನೆಗೆ ಮತ್ತೆ ತೆರೆದಿದೆ. ನ್ಯೂಯಾರ್ಕಿಗೆ ಹೋದರೆ ಅರ್ಧ ದಿನ ಅದಕ್ಕಾಗಿ ತೆಗೆದಿಡಿ, ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ.