ಅಮೆರಿಕದಲ್ಲಿ ಚಿಕ್ಕ ಮಕ್ಕಳ ರಕ್ತಮಾದರಿ ಸಂಗ್ರಹಣೆ: ಆಸ್ಪತ್ರೆ ಬಿಲ್ಲಿನ ಸಂಕೇತ ಸಂಖ್ಯೆಗಳ ಬಗ್ಗೆ ಮಾಹಿತಿ

ಉದ್ಯೋಗ, ವ್ಯಾಸಂಗ ಅಥವಾ ಪ್ರವಾಸದ ನಿಮಿತ್ತ ಚಿಕ್ಕ ಮಕ್ಕಳೊಂದಿಗೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿರುವ ಕನ್ನಡಿಗರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಹಿನ್ನೆಲೆ

ಆ ದೇಶದಲ್ಲಿ ಪ್ರತಿಯೊಂದು ವೈದ್ಯಕೀಯ ಸೇವೆಗೂ ಐದು ಅಂಕಿಗಳ ಸಿಪಿಟಿ ಸಂಕೇತವನ್ನು ನಮೂದಿಸಲಾಗುತ್ತದೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1966ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದ ಈ ಪಟ್ಟಿಯನ್ನು ಪ್ರತಿ ವರ್ಷ ಪರಿಷ್ಕರಿಸಲಾಗುತ್ತಿದೆ. ರಕ್ತ ತೆಗೆಯುವ ಕಾರ್ಯಕ್ಕೆ ಒಂದು ಸಂಕೇತ, ಪ್ರಯೋಗಾಲಯದ ಪರೀಕ್ಷೆಗೆ ಮತ್ತೊಂದು ಸಂಕೇತ ಇರುವುದರಿಂದ, ಬಿಲ್ಲಿನಲ್ಲಿ ಎರಡೂ ಕಂಡುಬರುವುದು ಸಹಜ.

ಸಂಕೇತಗಳ ವಿವರ

36416: ಹಿಮ್ಮಡಿ, ಬೆರಳು ಅಥವಾ ಕಿವಿಯನ್ನು ಚುಚ್ಚಿ ಹನಿರಕ್ತ ಸಂಗ್ರಹಿಸುವುದು.
36415: ಅಭಿಧಮನಿಯಿಂದ ಸಾಮಾನ್ಯ ರೀತಿಯಲ್ಲಿ ರಕ್ತ ತೆಗೆಯುವುದು.
36400: 3 ವರ್ಷದೊಳಗಿನ ಮಗು; ತೊಡೆಸಂದಿನ ಅಥವಾ ಕುತ್ತಿಗೆಯ ಅಭಿಧಮನಿ.
36405: 3 ವರ್ಷದೊಳಗಿನ ಮಗು, ನೆತ್ತಿಯ ಅಭಿಧಮನಿ.
36406: 3 ವರ್ಷದೊಳಗಿನ ಮಗು, ಇತರ ಅಭಿಧಮನಿ.
36410: 3 ವರ್ಷ ಅಥವಾ ಮೇಲ್ಪಟ್ಟವರು.

ಕೊನೆಯ ನಾಲ್ಕು ಸಂಕೇತಗಳು ವೈದ್ಯರ ಅಥವಾ ತತ್ಸಮಾನ ಅರ್ಹತೆಯುಳ್ಳ ವೃತ್ತಿಪರರ ನೈಪುಣ್ಯ ಅನಿವಾರ್ಯವಾದ ಸಂದರ್ಭಗಳಿಗೆ ಮಾತ್ರ ಮೀಸಲಾಗಿವೆ. ಇವುಗಳನ್ನು ಸಾಮಾನ್ಯ ರಕ್ತ ತೆಗೆಯುವಿಕೆಗೆ ಬಳಸತಕ್ಕದ್ದಲ್ಲ.

ಗಮನಿಸಬೇಕಾದ ಅಂಶಗಳು

ಶಿಶುಗಳ ರಕ್ತನಾಳಗಳು ಸಣ್ಣವು. ನಿರ್ಜಲೀಕರಣವಾದಾಗ ಅವುಗಳನ್ನು ಗುರುತಿಸುವುದು ಇನ್ನೂ ಕಷ್ಟ. ಆದಾಗ್ಯೂ ಮಗು ಅತ್ತಿತು ಅಥವಾ ಹಲವು ಬಾರಿ ಚುಚ್ಚಬೇಕಾಯಿತು ಎಂಬ ಕಾರಣದಿಂದಲೇ ಸಂಕೇತ ಬದಲಾಗುವುದಿಲ್ಲ. ರಕ್ತ ತೆಗೆದವರು ಯಾರು, ವೈದ್ಯರೇ ಏಕೆ ತೆಗೆಯಬೇಕಾಯಿತು, ಯಾವ ಅಭಿಧಮನಿಯಿಂದ ತೆಗೆಯಲಾಯಿತು ಎಂಬ ಮೂರು ಅಂಶಗಳೇ ನಿರ್ಣಾಯಕ. ಅನೇಕ ಪ್ರಯತ್ನಗಳ ನಂತರ ದಾದಿಯೇ ಯಶಸ್ವಿಯಾಗಿ ರಕ್ತ ತೆಗೆದಿದ್ದಲ್ಲಿ ಅನ್ವಯವಾಗುವುದು 36415 ಮಾತ್ರ. ಸಿಬ್ಬಂದಿಗೆ ಸಾಧ್ಯವಾಗದೆ ವೈದ್ಯರು ಸ್ವತಃ ತೆಗೆದು, ಅದರ ಕಾರಣವನ್ನು ದಾಖಲಿಸಿದ್ದಲ್ಲಿ 36406 ಮುಂತಾದವು ನ್ಯಾಯಯುತವಾಗಿವೆ. ನವಜಾತ ಶಿಶುವಿನ ತೀವ್ರ ನಿಗಾ ಚಿಕಿತ್ಸೆಗೆ ವೈದ್ಯರು ದಿನವಹಿ ಸಂಕೇತವನ್ನು ನಮೂದಿಸಿದ್ದಲ್ಲಿ, ಈ ಕಾರ್ಯವು ಅದರಲ್ಲೇ ಅಡಕವಾಗಿರುತ್ತದೆ. ಅದೇ ವೈದ್ಯರು ಪ್ರತ್ಯೇಕ ಶುಲ್ಕ ವಿಧಿಸುವಂತಿಲ್ಲ.

ಬಿಲ್ಲಿನ ಬಗ್ಗೆ ಸಂಶಯವಿದ್ದಲ್ಲಿ ಅನುಸರಿಸಬೇಕಾದ ಕ್ರಮ

1. ಪ್ರತಿ ಸೇವೆಯ ಸಂಕೇತ, ದಿನಾಂಕ ಮತ್ತು ದರವನ್ನು ತೋರಿಸುವ 'ಐಟಮೈಸ್ಡ್ ಬಿಲ್' ಕೇಳಿ ಪಡೆಯುವುದು. ವೈದ್ಯರ ಬಿಲ್ ಮತ್ತು ಆಸ್ಪತ್ರೆಯ ಬಿಲ್ ಪ್ರತ್ಯೇಕವಾಗಿ ಬರಬಹುದು.

2. ಮಗುವಿನ ಚಿಕಿತ್ಸಾ ದಾಖಲೆಯ ಪ್ರತಿಯನ್ನು ಕೋರುವುದು. 1996ರ ಹಿಪಾ ಕಾಯ್ದೆಯಡಿ ಸಾಮಾನ್ಯವಾಗಿ 30 ದಿನಗಳೊಳಗೆ ಇದನ್ನು ಒದಗಿಸಬೇಕಾಗುತ್ತದೆ. ಮೇಲಿನ ಮೂರು ಅಂಶಗಳು ಅದರಲ್ಲಿ ಇವೆಯೇ ಎಂದು ಪರಿಶೀಲಿಸುವುದು.

3. ದಾಖಲೆಗೂ ಬಿಲ್ಲಿಗೂ ಹೊಂದಿಕೆಯಾಗದಿದ್ದಲ್ಲಿ, ಪಾವತಿಯ ಕೊನೆಯ ದಿನಾಂಕಕ್ಕೆ ಮುಂಚಿತವಾಗಿ ಬಿಲ್ಲಿಂಗ್ ವಿಭಾಗಕ್ಕೆ ಲಿಖಿತವಾಗಿ ತಿಳಿಸಿ, ಸಂಕೇತದ ಮರುಪರಿಶೀಲನೆ ಕೋರುವುದು.

4. ಆರೋಗ್ಯ ವಿಮಾ ಸಂಸ್ಥೆಯು ಹಣ ನೀಡಲು ನಿರಾಕರಿಸಿದ್ದಲ್ಲಿ, ಬಹುತೇಕ ಯೋಜನೆಗಳಲ್ಲಿ ನಿರಾಕರಣೆಯ ಸೂಚನೆ ತಲುಪಿದ 180 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಪ್ರವಾಸಿ ವಿಮೆಗೆ ಆಯಾ ಪಾಲಿಸಿಯ ಷರತ್ತುಗಳು ಅನ್ವಯವಾಗುತ್ತವೆ.

5. ವಿಮೆ ಇಲ್ಲದವರು ಪೂರ್ವನಿಗದಿತ ಪರೀಕ್ಷೆಗೆ ಮುನ್ನ ಅಂದಾಜು ವೆಚ್ಚದ ಪತ್ರ ಪಡೆಯಲು ಅರ್ಹರು. 2022ರ ಜನವರಿ 1ರಿಂದ ಈ ಹಕ್ಕು ಜಾರಿಯಲ್ಲಿದೆ. ಬಿಲ್ ಆ ಅಂದಾಜಿಗಿಂತ 400 ಡಾಲರ್ ಅಥವಾ ಹೆಚ್ಚು ಇದ್ದಲ್ಲಿ, ಬಿಲ್ಲಿನ ದಿನಾಂಕದಿಂದ 120 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು.

6. ಲಾಭರಹಿತ ಆಸ್ಪತ್ರೆಗಳು ಹಣಕಾಸು ನೆರವಿನ ಲಿಖಿತ ನೀತಿ ಹೊಂದಿರುವುದು ಕಡ್ಡಾಯ. ಬಿಡುಗಡೆಯ ನಂತರದ ಮೊದಲ ಬಿಲ್ಲಿನಿಂದ 240 ದಿನಗಳವರೆಗೆ ನೆರವಿಗೆ ಅರ್ಜಿ ಸಲ್ಲಿಸಲು ಅವಕಾಶವಿರುತ್ತದೆ.

ವಿಶೇಷ ಸೂಚನೆ

ಬಿಲ್ಲಿನ ಚಿಂತೆಯಿಂದ ಮಗುವಿಗೆ ಅಗತ್ಯವಾದ ತುರ್ತು ಪರೀಕ್ಷೆಯನ್ನು ಮುಂದೂಡಬಾರದು. ಸಂಕೇತವನ್ನು ನಂತರವೂ ಪ್ರಶ್ನಿಸಬಹುದು. ರಕ್ತ ತೆಗೆದವರ ಹುದ್ದೆ ಹಾಗೂ ಸಮಯವನ್ನು ಅಂದೇ ಬರೆದಿಟ್ಟುಕೊಂಡು, ಎಲ್ಲ ಪತ್ರವ್ಯವಹಾರದ ಪ್ರತಿಗಳನ್ನು ಕಾಯ್ದಿರಿಸಿಕೊಳ್ಳಬೇಕೆಂದು ಕೋರಲಾಗಿದೆ.