ಹಿಂದಿರುಗದೆ ಮುಗಿಯದ ನೇಯ್ಗೆ

ಜ್ಯೇಷ್ಠ ಮಾಸದ ಶುಕ್ಲ ಪಂಚಮಿಯು ಜೈನರಿಗೆ ಶ್ರುತಪಂಚಮಿ. ಗಿರಿನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಂದ ಆಗಮಜ್ಞಾನವನ್ನು ಪಡೆದ ಪುಷ್ಪದಂತ ಮತ್ತು ಭೂತಬಲಿ ಮುನಿಗಳ ಷಟ್ಖಂಡಾಗಮವು ಪೂರ್ಣಗೊಂಡು ಪೂಜೆಗೊಂಡ ದಿನವೆಂದು ದಿಗಂಬರ ಪರಂಪರೆ ಅದನ್ನು ಆಚರಿಸುತ್ತದೆ. ಅಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರದಲ್ಲಿ ಸುತ್ತಿ, ಕಟ್ಟಿ ಪೂಜಿಸುವುದು ವಾಡಿಕೆ.

ಭದ್ರೆಯ ದಡದ ಹೊಳೆಹೊನ್ನೂರಿನಲ್ಲಿ ಈ ಹಬ್ಬಕ್ಕೆ ಸಿದ್ಧತೆ ನಡೆಸಿದ್ದ ಜೈನ ಗೃಹಿಣಿಯೊಬ್ಬರು, ಮನೆಯ ಶಾಸ್ತ್ರಗ್ರಂಥಕ್ಕೆ ಅಂಗಡಿಯ ಲಾಡಿಯನ್ನು ಕಟ್ಟುವ ಬದಲು ತಮ್ಮ ಕೈಯಿಂದಲೇ ಒಂದು ಚಿತ್ತಾರದ ಪಟ್ಟಿಯನ್ನು ನೇಯಬೇಕೆಂದು ಸಂಕಲ್ಪಿಸಿದರು. ವಸ್ತ್ರವಿನ್ಯಾಸ ಓದಿದ ಮಗಳು ಆ ವಿದ್ಯೆಯನ್ನು ಕಲಿಸಿಕೊಟ್ಟಳು. ರೇಷ್ಮೆ ಬೇಡವೆಂದು ಹತ್ತಿಯ ನೂಲನ್ನು ಆರಿಸಿದರು. ಗೂಡಿನೊಳಗಿನ ಜೀವವನ್ನು ಕೊಂದು ತೆಗೆದ ಎಳೆಯಿಂದ, ಅಹಿಂಸೆಯನ್ನು ಬೋಧಿಸುವ ಗ್ರಂಥವನ್ನು ಕಟ್ಟುವುದು ಅವರ ಮನಸ್ಸಿಗೆ ಒಪ್ಪಲಿಲ್ಲ.

ಈ ನೇಯ್ಗೆಗೆ ಮಗ್ಗ ಬೇಕಿಲ್ಲ. ಚೌಕಾಕಾರದ ಬಿಲ್ಲೆಗಳು ಸಾಕು. ಪ್ರತಿ ಬಿಲ್ಲೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ರಂಧ್ರ. ಪ್ರತಿ ರಂಧ್ರದಲ್ಲಿ ಒಂದು ಎಳೆ. ಇಪ್ಪತ್ತು ಬಿಲ್ಲೆಗಳಿಗೆ ಎಂಬತ್ತು ಎಳೆಗಳ ಹಾಸು. ಬಿಲ್ಲೆಗಳಾಗಿ ಬಂದದ್ದು ಮಕ್ಕಳು ಎಂದೋ ಮನೆಗೆ ತಂದಿಟ್ಟಿದ್ದ ಇಸ್ಪೀಟು ಎಲೆಗಳು. ಜೂಜನ್ನು ಸಪ್ತವ್ಯಸನಗಳಲ್ಲಿ ಮೊದಲನೆಯದೆಂದು ಎಣಿಸುವ ಮನೆಯಲ್ಲಿ ಆ ಎಲೆಗಳಿಗೆ ಹೀಗೊಂದು ಸದ್ಗತಿ ದೊರೆಯಿತು. ಹಾಸಿನ ಒಂದು ತುದಿಯನ್ನು ಕಿಟಕಿಯ ಸರಳಿಗೆ, ಇನ್ನೊಂದನ್ನು ಸೊಂಟಕ್ಕೆ ಕಟ್ಟಿಕೊಂಡು, ಬಿಲ್ಲೆಗಳನ್ನೆಲ್ಲ ಒಟ್ಟಿಗೆ ಕಾಲು ಸುತ್ತು ತಿರುಗಿಸಬೇಕು. ಆಗ ಎಳೆಗಳ ನಡುವೆ ಸಂದು ತೆರೆದುಕೊಳ್ಳುತ್ತದೆ. ಅದರೊಳಗೆ ಹೊಕ್ಕನ್ನು ತೂರಿಸಿ, ಗಟ್ಟಿಸಿ, ಮತ್ತೆ ಕಾಲು ಸುತ್ತು ತಿರುಗಿಸಬೇಕು. ಬಣ್ಣದ ಎಳೆಗಳನ್ನು ಪೋಣಿಸಿದ ಕ್ರಮಕ್ಕೆ ಅನುಗುಣವಾಗಿ ಪಟ್ಟಿಯ ಮೇಲೆ ಬಾಣದ ಮೊನೆಗಳು ಒಂದರ ಹಿಂದೊಂದು ಮೂಡುತ್ತವೆ.

ಈ ವಿದ್ಯೆ ಬಹು ಹಳೆಯದು. ನೆರೆಯ ಬರ್ಮಾದಲ್ಲಿ ಬೌದ್ಧರ ತಾಳೆಗರಿ ಗ್ರಂಥಗಳನ್ನು ಕಟ್ಟಲು ಇದೇ ರೀತಿಯ ಉದ್ದನೆಯ ಪಟ್ಟಿಗಳನ್ನು ನೇಯುತ್ತಿದ್ದರು. ದಾನಿಗಳ ಹೆಸರು ಮತ್ತು ಅವರ ಪುಣ್ಯದ ಹಾರೈಕೆಯನ್ನು ಅಕ್ಷರಗಳಾಗಿ ಪಟ್ಟಿಯಲ್ಲಿಯೇ ನೇಯುತ್ತಿದ್ದುದೂ ಉಂಟು. ನಾರ್ವೆಯ ಓಸೆಬರ್ಗ್‌ನಲ್ಲಿ 1904ರಲ್ಲಿ ಅಗೆದು ತೆಗೆದ ಹಡಗಿನ ಸಮಾಧಿಯಲ್ಲಿ ಇಬ್ಬರು ಸ್ತ್ರೀಯರ ಅವಶೇಷಗಳೊಂದಿಗೆ 52 ಬಿಲ್ಲೆಗಳು ದೊರೆತವು. ಅವುಗಳಲ್ಲಿ ಪೋಣಿಸಿದ ಪಟ್ಟಿಯೊಂದು ಅರ್ಧಕ್ಕೇ ನಿಂತಿತ್ತು. ಆ ಸಮಾಧಿಯ ಕಾಲ ಕ್ರಿ.ಶ. 834. ನೇಯುತ್ತಿದ್ದ ಕೈ ಯಾರದೋ. ಮುಗಿಸುವ ಕೈ ಮಾತ್ರ ಬರಲಿಲ್ಲ.

ಹೊಳೆಹೊನ್ನೂರಿನ ಆ ಗೃಹಿಣಿಯ ಪಟ್ಟಿಯೂ ಒಂದು ದಿನ ಅರ್ಧಕ್ಕೇ ನಿಂತಿತು. ನೇಯ್ದ ಭಾಗ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಬಿಲ್ಲೆಗಳು ತಿರುಗಲೊಲ್ಲವು. ದಿನವೂ ಒಂದೇ ದಿಕ್ಕಿಗೆ ತಿರುಗಿಸುತ್ತ ಬಂದುದರಿಂದ, ಬಿಲ್ಲೆಗಳ ಆಚೆ ಕಿಟಕಿಯವರೆಗಿನ ಎಳೆಗಳು ಸುತ್ತಿಗೆ ಸುತ್ತು ಸೇರಿ ಬಿಗಿಯಾದ ಹುರಿಯಾಗಿದ್ದವು. ಕಣ್ಣು ಸದಾ ಮೂಡುತ್ತಿರುವ ಚಿತ್ತಾರದ ಮೇಲಿತ್ತು. ಆಚೆ ಕಡೆ ಸೇರುತ್ತಿದ್ದ ಹುರಿಯನ್ನು ಯಾರೂ ನೋಡಿರಲಿಲ್ಲ. ಆಗಲೇ ಇನ್ನೊಂದು ದೋಷವೂ ಕಂಡಿತು. ಎರಡು ಗೇಣು ಹಿಂದೆ ಒಂದು ಬಿಲ್ಲೆ ಕಾಲು ಸುತ್ತು ತಪ್ಪಿ ತಿರುಗಿತ್ತು. ಅಲ್ಲಿಂದ ಮುಂದೆ ಪ್ರತಿ ಬಾಣದ ಮೊನೆಯಲ್ಲಿಯೂ ಒಂದು ಬಣ್ಣ ಸಾಲು ತಪ್ಪಿತ್ತು.

“ಆ ಭಾಗವನ್ನು ಗ್ರಂಥದ ಅಡಿಗೆ ಬರುವಂತೆ ಕಟ್ಟಿದರಾಯಿತು, ಯಾರಿಗೆ ಕಾಣುತ್ತದೆ?” ಎಂದರು ತಾಯಿ.

“ನಿನಗೆ ಕಾಣುತ್ತದಲ್ಲಮ್ಮ. ಹಿಂದಕ್ಕೆ ತಿರುಗಿಸು, ಎರಡೂ ಸರಿಹೋಗುತ್ತವೆ” ಎಂದಳು ಮಗಳು.

ಹಬ್ಬಕ್ಕೆ ಉಳಿದಿದ್ದುದು ಆರೇ ದಿನ. ಆದರೂ ಅವರು ಹಿಂದಕ್ಕೆ ತಿರುಗಿಸತೊಡಗಿದರು. ಒಂದು ಕಾಲು ಸುತ್ತು ಹಿಂದಕ್ಕೆ, ಒಂದು ಹೊಕ್ಕು ಹೊರಕ್ಕೆ. ನೇಯುವಾಗ ಬೇಕಾದ ಎಚ್ಚರಕ್ಕಿಂತ ಬಿಚ್ಚುವಾಗ ಹೆಚ್ಚಿನ ಎಚ್ಚರ ಬೇಕಾಯಿತು. ಪ್ರತಿ ಹಿಂಸುತ್ತಿಗೂ ಆಚೆಯ ಹುರಿ ತುಸು ತುಸುವೇ ಸಡಿಲಗೊಂಡಿತು. ಮರುದಿನ ಸಂಜೆಯ ವೇಳೆಗೆ ತಪ್ಪಿದ ಸ್ಥಳ ಸಿಕ್ಕಿತು. ಸ್ಥಳದೊಂದಿಗೆ ಆ ದಿನವೂ ನೆನಪಾಯಿತು. ತಾಯಿಯ ಒಡವೆಯ ವಿಷಯವಾಗಿ ಭದ್ರಾವತಿಯಲ್ಲಿರುವ ತಂಗಿಯೊಂದಿಗೆ ದೂರವಾಣಿಯಲ್ಲಿ ಕಟುವಾಗಿ ಮಾತನಾಡಿ, ಬಂದು ನೇಯಲು ಕುಳಿತ ದಿನವದು. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತಿರಲಿಲ್ಲ.

ಜೈನ ಶಾಸ್ತ್ರ ಪ್ರತಿಕ್ರಮಣವೆಂದು ಕರೆಯುವುದು ಇದನ್ನೇ. ಪ್ರತಿಕ್ರಮಣವೆಂದರೆ ಹಿಂದಿರುಗುವುದು. ಮುನಿಗಳ ಆರು ಆವಶ್ಯಕಗಳಲ್ಲಿ ಅದೂ ಒಂದು. ಹಗಲಿನ ದೋಷಕ್ಕೆ, ಇರುಳಿನ ದೋಷಕ್ಕೆ, ಪಕ್ಷಕ್ಕೊಮ್ಮೆ, ಚಾತುರ್ಮಾಸಕ್ಕೊಮ್ಮೆ, ವರ್ಷಕ್ಕೊಮ್ಮೆ ಅದನ್ನು ಆಚರಿಸಬೇಕೆಂಬ ವಿಧಿಯಿದೆ. ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯವು ಪ್ರಾಯಶ್ಚಿತ್ತವನ್ನು ಅಂತರಂಗ ತಪಸ್ಸಿನಲ್ಲಿ ಮೊದಲನೆಯದಾಗಿ ಹೇಳಿ, ಅದರ ಒಂಬತ್ತು ಬಗೆಗಳಲ್ಲಿ ದೋಷವನ್ನು ಗುರುವಿನ ಮುಂದೆ ಒಪ್ಪಿಕೊಳ್ಳುವ ಆಲೋಚನೆಯನ್ನು ಮೊದಲಿಗೂ ಪ್ರತಿಕ್ರಮಣವನ್ನು ಅದರ ಬೆನ್ನಿಗೂ ಇರಿಸಿದೆ. ಮನ, ವಚನ, ಕಾಯಗಳ ಪ್ರವೃತ್ತಿಯಿಂದ ಕರ್ಮ ಒಳಹರಿಯುವುದು ಆಸ್ರವ. ಕಷಾಯದಿಂದ ಅದು ಆತ್ಮಕ್ಕೆ ಅಂಟುವುದು ಬಂಧ. ಬರುವುದನ್ನು ತಡೆಯುವುದು ಸಂವರ. ಸೇರಿದುದನ್ನು ಕಳಚುವುದು ನಿರ್ಜರೆ. ಬದುಕಿನ ಚಿತ್ತಾರ ಮುಂದುಗಡೆ ಅಂದವಾಗಿ ಮೂಡುತ್ತಿರುವಾಗಲೇ ಕಣ್ಣಿಗೆ ಕಾಣದ ಕಡೆ ಹುರಿ ಸೇರುತ್ತಿರುತ್ತದೆ. ಕೈ ನಿಲ್ಲಿಸಿದರೆ ಹುರಿ ಹೆಚ್ಚದು. ಆದರೆ ಇರುವುದು ಬಿಚ್ಚಿಕೊಳ್ಳದು. ಅದಕ್ಕೆ ಹಿಂದಿರುಗಲೇಬೇಕು. ‘ತಿಳಿದೋ ತಿಳಿಯದೆಯೋ ಆದ ತಪ್ಪು’ ಎಂದು ಒಟ್ಟಾಗಿ ಹೇಳಿ ಕೈಮುಗಿದರೆ ಸಾಲದು. ತಪ್ಪಿದ ಆ ಒಂದು ಹೊಕ್ಕಿನವರೆಗೂ ಹೋಗಬೇಕು.

ನಾರ್ವೆಯ ಪಟ್ಟಿ ಅರ್ಧಕ್ಕೆ ನಿಂತ ಕಾಲದಲ್ಲಿಯೇ ರಾಷ್ಟ್ರಕೂಟರ ನಾಡಿನಲ್ಲಿ ಒಂದು ಮಹತ್ಕಾರ್ಯ ಮುಗಿಯಿತು. ಷಟ್ಖಂಡಾಗಮಕ್ಕೆ ಧವಲಾ ಟೀಕೆಯನ್ನು ಬರೆದ ವೀರಸೇನಾಚಾರ್ಯರು, ಕಷಾಯಪ್ರಾಭೃತಕ್ಕೆ ಜಯಧವಲಾ ಟೀಕೆಯನ್ನು ಆರಂಭಿಸಿ, ಮುಗಿಯುವ ಮುನ್ನವೇ ಕಾಲವಾದರು. ಶಿಷ್ಯರಾದ ಜಿನಸೇನಾಚಾರ್ಯರು ಕ್ರಿ.ಶ. 837ರಲ್ಲಿ ಅದನ್ನು ಪೂರ್ಣಗೊಳಿಸಿದರು. ಜಿನಸೇನರ ಮಹಾಪುರಾಣ ಅಪೂರ್ಣವಾಗಿ ಉಳಿದಾಗ ಅವರ ಶಿಷ್ಯ ಗುಣಭದ್ರಾಚಾರ್ಯರು ಅದನ್ನು ಮುಗಿಸಿದರು. ಧವಲಾ, ಜಯಧವಲಾ ಗ್ರಂಥಗಳು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದು ಬಂದುದರಿಂದಲೇ ಇಂದು ನಮ್ಮ ಕೈ ಸೇರಿವೆ. ಗುರುವಿನ ಗ್ರಂಥವನ್ನು ಶಿಷ್ಯ ಮುಗಿಸಬಲ್ಲ. ತಾಯಿಯ ನೇಯ್ಗೆಯನ್ನು ಮಗಳು ಮುಗಿಸಬಲ್ಲಳು. ಆದರೆ ತಾನು ಕಟ್ಟಿಕೊಂಡ ಕರ್ಮದ ಹುರಿಯನ್ನು ತಾನೇ ಬಿಚ್ಚಬೇಕು. ಅಲ್ಲಿ ಇನ್ನೊಂದು ಕೈಗೆ ಎಡೆಯಿಲ್ಲ.

ಅಂದು ರಾತ್ರಿ ಆ ಗೃಹಿಣಿ ತಂಗಿಗೆ ಕರೆ ಮಾಡಿದರು. ಒಡವೆಯ ಲೆಕ್ಕವನ್ನು ಎತ್ತಲಿಲ್ಲ. ಯಾವ ಮಾತನ್ನು ಆಡಿದ್ದರೋ ಅದನ್ನೇ ಹೆಸರಿಸಿ, “ಆ ಮಾತು ನಾನು ಆಡಬಾರದಿತ್ತು, ಕ್ಷಮಿಸು” ಎಂದರು. ತಂಗಿ ಬಹಳ ಹೊತ್ತು ಸುಮ್ಮನಿದ್ದು, “ಆಗಲಿ ಅಕ್ಕ” ಎಂದಷ್ಟೇ ಹೇಳಿ ಕರೆ ಮುಗಿಸಿದರು. ಕ್ಷಮೆ ದೊರೆಯಿತೋ ಇಲ್ಲವೋ ತಿಳಿಯಲಿಲ್ಲ. ಕ್ಷಮೆ ಕೊಡುವುದು ತಂಗಿಯ ಪಾಲಿನ ಧರ್ಮ. ಕೇಳುವುದು ಅಕ್ಕನ ಪಾಲಿನದು. ಪ್ರತಿಕ್ರಮಣಕ್ಕೆ ಎದುರಿನವರ ಉತ್ತರದ ಷರತ್ತಿಲ್ಲ.

ಮರುದಿನದಿಂದ ನೇಯ್ಗೆಯ ಕ್ರಮ ಬದಲಾಯಿತು. ಎಂಟು ಬಾರಿ ಮುಂದಕ್ಕೆ, ಎಂಟು ಬಾರಿ ಹಿಂದಕ್ಕೆ. ಹಿಂದಕ್ಕೆ ತಿರುಗಿಸುವಾಗಲೂ ಹೊಕ್ಕು ಹಾಕುತ್ತಲೇ ಹೋದರೆ ಪಟ್ಟಿ ಬೆಳೆಯುತ್ತದೆ, ಹುರಿ ಮಾತ್ರ ಸೇರುವುದಿಲ್ಲ. ಒಂದೇ ದಿಕ್ಕಿನಲ್ಲಿ ಬಾಣದ ಮೊನೆಗಳಾಗಿ ಓಡುತ್ತಿದ್ದ ಚಿತ್ತಾರ, ಹಿಂದಿರುಗಿದ ಕಡೆಯಲ್ಲೆಲ್ಲ ತನ್ನ ಪ್ರತಿಬಿಂಬದೊಡನೆ ಕೂಡಿ ವಜ್ರದ ಆಕಾರವಾಯಿತು. ದಿನದಿನದ ಪ್ರತಿಕ್ರಮಣವೂ ಹಾಗೆಯೇ. ಅದು ಬದುಕಿನ ನಡಿಗೆಯನ್ನು ನಿಲ್ಲಿಸುವುದಿಲ್ಲ.

ಪಂಚಮಿಯ ಮುಂಜಾನೆ ಪಟ್ಟಿ ಸಿದ್ಧವಾಗಿತ್ತು. ಎಣಿಸಿದ್ದಕ್ಕಿಂತ ಎರಡು ಗೇಣು ಗಿಡ್ಡ; ಗ್ರಂಥಕ್ಕೆ ಮೂರು ಸುತ್ತು ಬರಬೇಕಾದುದು ಎರಡೇ ಸುತ್ತು ಬಂದಿತು. ಗ್ರಂಥವೆಂದರೆ ಪೋಣಿಸಿ ಕಟ್ಟಿದ್ದು; ಗ್ರಂಥಿಯೆಂದರೆ ಗಂಟು; ಎಲ್ಲ ಗಂಟುಗಳನ್ನೂ ಕಳಚಿಕೊಂಡವನನ್ನು ನಮ್ಮ ಪರಂಪರೆ ನಿರ್ಗ್ರಂಥನೆಂದು ಕರೆಯಿತು. ಗೃಹಸ್ಥರಿಗೆ ಆ ಪದವಿ ದೂರದ್ದು. ಆದರೂ ಆ ತಾಯಿ ಪಟ್ಟಿಯ ತುದಿಗೆ ಬಿಗಿಗಂಟು ಹಾಕಲಿಲ್ಲ. ನಾಳೆ ಸ್ವಾಧ್ಯಾಯಕ್ಕೆ ಕುಳಿತಾಗ ಸುಲಭವಾಗಿ ಬಿಚ್ಚಲು ಬರುವಂತೆ, ಒಂದೇ ಎಳೆತಕ್ಕೆ ಸಡಿಲುವ ಕುಣಿಕೆ ಹಾಕಿ, ಗ್ರಂಥವನ್ನು ಪೀಠದ ಮೇಲಿರಿಸಿ ಕೈಮುಗಿದರು.